ಕುದುರೆಗೂ ಒಂದು ಪ್ರಾರ್ಥನೆ ಪುಸ್ತಕ

ಭಾನುವಾರ ಬಡವರು ಏನು ಮಾಡಬೇಕು ಅನ್ನುವ ಚಿಂತೆ ಬಡವರಿಗಿಂತ ಶ್ರೀಮಂತರಿಗೇ ಜಾಸ್ತಿ. 1855ರ ಲಂಡನ್ನಿನಲ್ಲಿ ಈ ಚಿಂತೆ ಹೊತ್ತವರು ಲಾರ್ಡ್ ರಾಬರ್ಟ್ ಗ್ರೋವನರ್. ಮಾರ್ಕ್ವಿಸ್ ಅನ್ನುವ ದೊಡ್ಡ ಪದವಿಯ ಮನೆತನದ ಮಗ, ಮಿಡ್ಲ್‌ಸೆಕ್ಸಿನ ಸಂಸದ, ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಲ್ಲಿ ಬೈಬಲ್ಲನ್ನೇ ಗಟ್ಟಿಯಾಗಿ ಹಿಡಿದ ಇವ್ಯಾಂಜೆಲಿಕಲ್ ಪಂಗಡದ ಭಕ್ತ. ಪಾದ್ರಿಯಲ್ಲ, ಆದರೆ ಉತ್ಸಾಹದಲ್ಲಿ ಪಾದ್ರಿಗಳಿಗೇನೂ ಕಡಿಮೆ ಇರಲಿಲ್ಲ.

ಇವರು ಪಾರ್ಲಿಮೆಂಟಿಗೆ ಒಂದು ಮಸೂದೆ ತಂದರು. ಲಂಡನ್ನಿನಲ್ಲಿ ಭಾನುವಾರ ಹೆಚ್ಚಿನ ವ್ಯಾಪಾರವೆಲ್ಲ ಬಂದ್. ಅಂಗಡಿ ಕೆಲಸದವರಿಗೆ ರಜೆ ಸಿಗಲಿ, ದೇವರ ದಿನ ದೇವರಿಗೇ ಇರಲಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಕೂಲಿಯವರ ಕೈಗೆ ವಾರದ ದುಡ್ಡು ಬರುತ್ತಿದ್ದದ್ದೇ ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ಏನೂ ತರದಿದ್ದರೆ ಒಲೆ ಮೇಲೆ ಏನಿಡುವುದು? ಸಾಹೇಬರ ಮನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಅಲ್ಲಿ ಉಗ್ರಾಣ ಇರುತ್ತದೆ, ಅಡುಗೆಯವರು ಇರುತ್ತಾರೆ, ಅವರು ಭಾನುವಾರವೂ ಬೇಯಿಸುತ್ತಾರೆ, ಅದು ವ್ಯಾಪಾರವಲ್ಲವಲ್ಲ, ಸೇವೆ. ದೊಡ್ಡವರ ಕ್ಲಬ್ಬುಗಳ ತಂಟೆಗೂ ಮಸೂದೆ ಹೋಗಲಿಲ್ಲ. ಅಲ್ಲಿ ವೈನ್ ಕುಡಿದರೆ ದೇವರಿಗೆ ಬೇಜಾರಿಲ್ಲ.

ಸಾಹೇಬರು ಹೋಮಿಯೋಪತಿಯ ಅಭಿಮಾನಿ ಬೇರೆ. ಔಷಧ ತೆಳುವಾದಷ್ಟೂ ಒಳ್ಳೆಯದು ಅಂತ ನಂಬಿದವರು, ಬಡವರಿಗೆ ಧರ್ಮ ಕುಡಿಸುವಾಗ ಮಾತ್ರ ಒಂದು ಹನಿ ನೀರೂ ಬೆರೆಸಲಿಲ್ಲ.

ಜನ ಏನು ಮಾಡಿದರು ಗೊತ್ತಾ? ಜೂನ್ 24, ಭಾನುವಾರ, ಸೀದಾ ಹೈಡ್ ಪಾರ್ಕಿಗೆ ಹೋದರು. ಶ್ರೀಮಂತರು ಎಂದಿನಂತೆ ಸಾರೋಟಿನಲ್ಲಿ ಗಾಳಿ ಸೇವನೆಗೆ ಬಂದಿದ್ದರು. (ಕುದುರೆಗೂ ರಜೆ ಇಲ್ಲ, ಸಾರೋಟು ಓಡಿಸುವವನಿಗೂ ಇಲ್ಲ.) ಜನ ದಾರಿಯ ಎರಡೂ ಬದಿ ನಿಂತು "ಚರ್ಚಿಗೆ ಹೋಗಿ!" ಅಂತ ಕೂಗಿದರು. ಅಲ್ಲೇ ಇದ್ದ ಕಾರ್ಲ್ ಮಾರ್ಕ್ಸ್, ಇಂಗ್ಲಿಷ್ ಕ್ರಾಂತಿ ನಿನ್ನೆ ಹೈಡ್ ಪಾರ್ಕಿನಲ್ಲಿ ಶುರುವಾಯಿತು ಅಂತ ಬರೆದೇಬಿಟ್ಟ. ಅವಸರದ ಮನುಷ್ಯ. ಆದರೆ ಒಂದು ಒಳ್ಳೆಯ ಪ್ರಸಂಗ ನಮಗೆ ಉಳಿಸಿಕೊಟ್ಟಿದ್ದಾನೆ. ಸಾರೋಟಿನಲ್ಲಿದ್ದ ಒಬ್ಬ ಹೆಂಗಸು ಗುಂಪಿನ ಕಡೆ ಪ್ರಾರ್ಥನೆ ಪುಸ್ತಕ ಚಾಚಿದಳಂತೆ. "ನಿಮ್ಮ ಕುದುರೆಗಳಿಗೆ ಓದೋಕೆ ಕೊಡಿ!" ಅಂತ ಸಾವಿರಾರು ಜನ ಒಟ್ಟಿಗೆ ಕೂಗಿದರಂತೆ.

ಮುಂದಿನ ಭಾನುವಾರ ಪೊಲೀಸರು ದೊಣ್ಣೆ ಬೀಸಿದರು. ದೇವರ ದಿನ ದೊಣ್ಣೆ ಬೀಸಬಾರದು ಅಂತ ಮಸೂದೆಯಲ್ಲಿ ಇರಲಿಲ್ಲ ನೋಡಿ. ಮರುದಿನವೇ ಮಸೂದೆ ವಾಪಸ್. ಆಮೇಲೆ ಪೊಲೀಸರ ನಡತೆಯ ಮೇಲೆ ತನಿಖಾ ಆಯೋಗ ಕೂತಿತು. ಸಾಹೇಬರಿಗೇನಾಯಿತು? 1857ರಲ್ಲಿ ಬ್ಯಾರನ್ ಎಬರಿ ಅನ್ನುವ ಪದವಿ ಸಿಕ್ಕಿತು, ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಾಯುವವರೆಗೂ ಕುರ್ಚಿ, ಚುನಾವಣೆಯ ಗೋಜೇ ಇಲ್ಲ. ಆ ಬಡವರಿಗೆ ಹೇಗಿದ್ದರೂ ಆಗ ಓಟು ಇರಲಿಲ್ಲ. ಆದರೂ ಮುಂಜಾಗ್ರತೆ ಒಳ್ಳೆಯದು.