ಅಂತರ್ಜಲದ ಲೆಕ್ಕದಲ್ಲಿ ರೈತ ಎಲ್ಲಿ?

ಅಂತರ್ಜಲ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕೋಕೆ ಕಂಪ್ಯೂಟರ್ ಮಾಡೆಲ್ ಮಾಡುವವರ ಮೇಲೆ ನನ್ನದೊಂದು ತಕರಾರಿದೆ. ಮಳೆ ಎಷ್ಟು, ಇಂಗಿದ್ದೆಷ್ಟು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಮೇಲೆತ್ತಿದ್ದೆಷ್ಟು ಅನ್ನುವಲ್ಲಿಗೆ ಬಂದಾಗ ಎಷ್ಟೋ ಸಲ ಒಂದು ಅಂಕಿ ಬರೆದು ಮುಂದೆ ಹೋಗುತ್ತಾರೆ. ಆ ಅಂಕಿ ಸುಮ್ನೆ ಒಂದು ಕಡೆ ಕೂತಿರುತ್ತದಾ?

ಕೋಲಾರದ ಕಡೆ ನೋಡಿ. ನೆಲದಡಿ ಗಟ್ಟಿ ಕಲ್ಲು. ಮೇಲಿನ ಸಡಿಲ ಪದರದಲ್ಲಿ ಒಂದಷ್ಟು ನೀರು, ಅದರ ಕೆಳಗೆ ಬರೀ ಬಿರುಕುಗಳಲ್ಲಿ. ತೆರೆದ ಬಾವಿ ಬತ್ತಿದ ಮೇಲೆ ಬೋರ್ ಬಂತು. ಒಬ್ಬ 800 ಅಡಿ ಕೊರೆಸಿದ, ಪಕ್ಕದವನ ನೀರು ಇಳಿಯಿತು, ಅವನು 1000 ಅಡಿಗೆ ಹೋದ. ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಹಾಕಿಸಿ, ತೆಂಗಿನಕಾಯಿ ಒಡೆದು, ಬೋರ್ ಲಾರಿ ಕರೆಸಿ, ಎರಡು ಇಂಚು ನೀರು ಬಿತ್ತು ಅನ್ನುವಷ್ಟರಲ್ಲಿ ಲಕ್ಷಗಟ್ಟಲೆ ಸಾಲ. ಅದನ್ನು ತೀರಿಸೋಕೆ ರಾಗಿ ಬೆಳೆದರೆ ಆಗಲ್ಲ, ಟೊಮೇಟೊನೋ ಹಿಪ್ಪುನೇರಳೆಯೋ ಬೇಕು. ಅವಕ್ಕೆ ನೀರು ಜಾಸ್ತಿ. ಆಳ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಬೇಕು, ನಿಜ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆ ಬಿಸಿ ಅವನಿಗೆ ತಟ್ಟುವುದೇ ಇಲ್ಲ.

ಫೀಡ್‌ಬ್ಯಾಕ್ ಲೂಪ್ ಅಂದರೆ ಇದೇ. ನೀರು ಇಳಿದದ್ದೇ ಇನ್ನಷ್ಟು ನೀರೆತ್ತೋಕೆ ಕಾರಣವಾಗುತ್ತದೆ. ಎತ್ತಿದ ನೀರನ್ನು ಹೊರಗಿನಿಂದ ತಂದಿಟ್ಟ ಅಂಕಿ ಮಾಡಿದರೆ ಈ ಸುತ್ತು ಕಾಣುವುದೇ ಇಲ್ಲ.

ಹನಿ ನೀರಾವರಿಯ ಕಥೆಯೂ ಹೀಗೇ. ಎಕರೆಗೆ ಇಷ್ಟು ನೀರು ಉಳಿಯುತ್ತದೆ ಅಂತ ಗುಣಿಸಿ ತೋರಿಸುತ್ತಾರೆ. ಉಳಿದ ನೀರಿಗೆ ಪಕ್ಕದ ಪಾಳು ನೆಲದಲ್ಲೂ ಪೈಪ್ ಎಳೆದರೆ? ಯಾರು ಎಳೆಯಲ್ಲ ಹೇಳಿ, ನಾನಾದರೂ ಎಳೆಯುತ್ತೇನೆ. ಹನಿ ನೀರಾವರಿಗೆ ಸರ್ಕಾರ ಕೊಡುವ ಸಬ್ಸಿಡಿ ಬೇಡ ಅನ್ನುತ್ತಿಲ್ಲ, ಆ ಗುಣಾಕಾರವನ್ನು ನಂಬಬೇಡಿ ಅಂತಷ್ಟೇ.

ಈ ಸುತ್ತಿಗೆ ಒಂದು ಬ್ರೇಕೂ ಇದೆ. ಆಳದ ಬಿರುಕುಗಳಲ್ಲಿ ನೀರೇ ಕಡಿಮೆ, ಬೋರ್ ಬತ್ತಿದ ದಿನ ಎತ್ತುವುದು ತಾನಾಗಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಸಾಲ ಕುತ್ತಿಗೆಗೆ ಬಂದಿರುತ್ತದೆ.

ಇನ್ನೂ ತಮಾಷೆ ಅಂದರೆ ಅಳತೆಯದು. ನೀರಿನ ಮಟ್ಟ ನೋಡುವ ಬಾವಿಗಳು ಬತ್ತಿದರೆ ಅಲ್ಲಿ ಬರೆದುಕೊಳ್ಳೋಕೆ ಅಂಕಿಯೇ ಇರುವುದಿಲ್ಲ. ಆ ಬಾವಿಗಳನ್ನು ಪಟ್ಟಿಯಿಂದ ಬಿಟ್ಟರೆ ಉಳಿಯುವುದು ನೀರಿರುವ ಬಾವಿಗಳು ಮಾತ್ರ. ಸರಾಸರಿ ಚೆನ್ನಾಗೇ ಕಾಣುತ್ತದೆ! ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಂಡಂತೆ ಕಂಡದ್ದರ ಹಿಂದೆ ಈ ಎಡವಟ್ಟಿದೆ ಅಂತ 2019ರಲ್ಲಿ ಒಂದು ಸಂಶೋಧನಾ ಪ್ರಬಂಧ ತೋರಿಸಿತು. ಅಂಥ ಸರಾಸರಿಗೆ ಮಾಡೆಲ್ ಹೊಂದಿಸಿದರೆ, ಬೋರ್ ಬತ್ತಿದ ಊರಿಗೇ ಹೋಗಿ ನೀರು ಇಂಗಿಸೋಕೆ ಹಳ್ಳಕ್ಕೆ ಅಡ್ಡ ಕಟ್ಟಿದ ನಿಮ್ಮ ಚೆಕ್‌ ಡ್ಯಾಂ ಚೆನ್ನಾಗಿ ಕೆಲಸ ಮಾಡಿದೆ ಅಂತ ವರದಿ ಕೊಟ್ಟು ಬರಬಹುದು.