ನಾಯಿ ಇದೆ, ಎಚ್ಚರಿಕೆ

ಮೊನ್ನೆ ಕೊರಿಯರ್ ಹುಡುಗ ಪಾರ್ಸೆಲ್ಲನ್ನು ಗೇಟಿನ ಮೇಲಿಂದಲೇ ಎಸೆದು ಹೋದ. ಸೀದಾ ಅಂಗಳದ ರಾಡಿಗೆ ಬಿತ್ತು. ಫೋನ್ ಮಾಡಿ ಬೈದರೆ, 'ನಾಯಿ ಇದೆ ಅಂತ ಬೋರ್ಡ್ ಹಾಕಿದೀರಲ್ಲ ಸಾರ್' ಅಂದ. ನಾಯಿ ಸತ್ತು ನಾಲ್ಕು ತಿಂಗಳಾಯಿತು. ಬದುಕಿದ್ದಾಗಲೂ ಅದಕ್ಕೆ ಹೆದರಿದವರನ್ನು ನಾನು ಕಾಣೆ. ನಮ್ಮ ಬೆಕ್ಕೇ ಅದರ ಗೋಣಿಚೀಲದ ಮೇಲೆ ಮಲಗಿ, ಅದನ್ನು ಬರೀ ನೆಲಕ್ಕೆ ಕಳಿಸುತ್ತಿತ್ತು.

ಬಂದಾಗಲೇ ಮುದಿ. ಶಿವಮೊಗ್ಗದಲ್ಲಿ ಬೀದಿನಾಯಿಗಳ ಉಸಾಬರಿ ಮಾಡುವ ಹುಡುಗರ ಹತ್ತಿರ ಇತ್ತು. ಅಲ್ಲಿದ್ದ ಮರಿಗಳಿಗೆಲ್ಲ ಮನೆ ಸಿಕ್ಕಿತ್ತು, ಇದನ್ನು ಯಾರೂ ಕೇಳಿರಲಿಲ್ಲ. ಕುತ್ತಿಗೆಯ ಕೂದಲು ಸವೆದು ಬೆಲ್ಟಿನ ಗುರುತಾಗಿತ್ತು. ಅಂದರೆ ಯಾರದೋ ಮನೆ ಕಾದು ಕಾದು, ಕಣ್ಣು ಮಂಜಾದ ಮೇಲೆ ರಸ್ತೆಗೆ ಬಿದ್ದದ್ದು. ಆ ಮನೆಯ ಮುದುಕರ ಗತಿ ಏನಾಗಿದೆಯೋ ಅಂತ ಈಗಲೂ ಯೋಚಿಸುತ್ತೇನೆ.

ಡಾಕ್ಟರು ತುಟಿ ಎತ್ತಿ, ಸವೆದ ಹಲ್ಲು ನೋಡಿ, 'ಹತ್ತು ದಾಟಿದೆ' ಅಂದರು. ಪಕ್ಕದಲ್ಲಿದ್ದವರೊಬ್ಬರು ತಕ್ಷಣ ಏಳರಿಂದ ಗುಣಿಸಿ 'ಎಪ್ಪತ್ತು' ಅಂದರು. ಈ ಏಳರ ಮಗ್ಗಿಯನ್ನು ಯಾರು ಹುಟ್ಟಿಸಿದರೋ. ಒಂದು ವರ್ಷದ ನಾಯಿ ಮರಿ ಹಾಕುತ್ತೆ. ಏಳು ವರ್ಷದ ಮಗು ಚಡ್ಡಿ ಗುಂಡಿ ಹಾಕಿಕೊಳ್ಳೋಕೂ ಅಮ್ಮನನ್ನು ಕರೆಯುತ್ತೆ.

'ಉಣುಗು ತರುತ್ತೆ, ಬೇಡ' ಅಂದಳು ಅಮ್ಮ. ತೆಗೆದುಹಾಕುವ ಮಾತಲ್ಲ ಅದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಇಲ್ಲೇ ಸೊರಬ ತಾಲ್ಲೂಕಿನಲ್ಲಿದೆ. 2019ರಲ್ಲಿ ನಮ್ಮದೇ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಜನ ಸತ್ತದ್ದು ಮರೆತಿಲ್ಲ. ಆಮೇಲೆ ದಿನಾ ಸಂಜೆ ಜಗಲಿಯಲ್ಲಿ ಕನ್ನಡಕ ಏರಿಸಿ, ಅದರ ಕಿವಿ ಮಡಚಿ, ಒಂದೊಂದೇ ಉಣುಗನ್ನು ಚಿಮಟದಲ್ಲಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತ ಕೂತವಳೂ ಅವಳೇ. ಬೈಯುತ್ತಲೇ.

ಹೆಸರಿನದೇ ದೊಡ್ಡ ಕತೆ. ಹಳೇ ಹೆಸರು ಒಂದು ಇರಲೇಬೇಕಲ್ವಾ? ಊಟ ಆದ ಮೇಲೆ ಅಂಗಳದಲ್ಲಿ ನಿಂತು ಕರೆಯೋದೇ ನಮಗೆ ಕೆಲಸವಾಯಿತು. ಟಾಮಿ, ರಾಜ, ಕರಿಯ, ಟೈಗರ್, ಜಿಮ್ಮಿ. ಕಣ್ಣೂ ಬಿಡಲಿಲ್ಲ. ಭಾವ ಬಂದವನು ವಿಷ್ಣು ಸಹಸ್ರನಾಮವನ್ನೇ ಶುರು ಮಾಡಿದ. ನಾಯಿ ಆಕಳಿಸಿತು. ಒಂದು ದಿನ ಹೆಂಡತಿ ತೋಟದಿಂದ ಬಂದವಳೇ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ನಮ್ಮ ಕೊನೆಗೌಡನ ಹೆಸರು ಹೇಳಿ, 'ನಾಳೆ ಮದ್ದು ಹೊಡೆಯೋಕೆ ಬರ್ತಾನಂತಾ?' ಅಂತ ಕೇಳಿದಳು. ನಾಯಿ ಎದ್ದು ಬಾಲ ಆಡಿಸುತ್ತ ಬಂದು ಅವಳೆದುರು ಕೂತಿತು. ಇನ್ನೊಮ್ಮೆ ಹೇಳಿಸಿದೆವು. ಮುಂಗಾಲು ಎತ್ತಿ ಕೊಟ್ಟಿತು.

ಅಡಿಕೆ ಮರ ಹತ್ತುವವರು ಈಗ ಎಷ್ಟು ಅಪರೂಪ ಅಂತ ತೋಟ ಇದ್ದವರನ್ನು ಕೇಳಿ. ಮಳೆಗೆ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಮದ್ದು ಹೊಡೆಯದಿದ್ದರೆ ಕೊಳೆರೋಗ ಬಂದು ಹಸಿರು ಕಾಯಿ ಬುಡದಲ್ಲಿ ಹಾಸಿಬಿಡುತ್ತೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಸಿದ್ಧಮಾಡಿಕೊಂಡು ಆಕಾಶ ನೋಡುತ್ತ ಕೂರಬೇಕು. ಮಳೆ ಹೊಳವಾದ ಆ ಎರಡು ಗಂಟೆಯಲ್ಲಿ ಅವನು ಪಕ್ಕದ ತೋಟಕ್ಕೆ ಹೋದನೋ, ಮುಗೀತು. ಅಂಥವನ ಹೆಸರು ಹಿಡಿದು ನಾಯಿಯನ್ನು ಕರೆಯೋಕಾಗುತ್ತಾ?

ಹಾಗಾಗಿ ಅವನು ತೋಟದಲ್ಲಿದ್ದ ದಿನ ನಾಯಿಗೆ ಹೆಸರಿಲ್ಲ. 'ಏ', 'ಬಾರೋ', ಅಷ್ಟೇ. ಒಮ್ಮೆ ಅವನು ಮರದ ತುದಿಯಲ್ಲಿದ್ದ. ನಾಯಿ ಗೊಬ್ಬರದ ಗುಂಡಿಗೆ ಬಾಯಿ ಹಾಕಿತು. ಅಮ್ಮ ಮರೆತು, ಹೆಸರು ಹಿಡಿದು, 'ಥೂ ಕೊಳಕಾ, ಬಾ ಇಲ್ಲಿ! ಇವತ್ತು ಅನ್ನ ಹಾಕಲ್ಲ ನಿಂಗೆ!' ಅಂತ ಕಿರುಚಿದಳು. ನಾಯಿ ಓಡಿ ಬಂತು. ಮೇಲಿಂದ 'ನಾನೇನ್ ಮಾಡಿದೆ ಅಮ್ಮಾ?' ಅಂತ ದನಿಯೂ ಬಂತು.

'ಊಟ ಮಾಡ್ಕೊಂಡೇ ಹೋಗು ಅಂದೆ ಕಣಪ್ಪಾ.'

ಅವತ್ತು ಅವನಿಗೆ ಪಾಯಸ ಮಾಡಿದೆವು. ನಾಯಿಗೂ ಒಂದು ಸೌಟು ಸಿಕ್ಕಿತು.

ಎರಡೇ ಮಳೆಗಾಲ ಇತ್ತು ನಮ್ಮ ಜತೆ. ಬಚ್ಚಲೊಲೆಯ ಬೂದಿಯಲ್ಲಿ ಮೈ ಕಾಯಿಸಿಕೊಂಡು ಮಲಗುತ್ತಿತ್ತು. ಶಿವರಾತ್ರಿ ಕಳೆದ ವಾರ ಅಲ್ಲಿಂದ ಏಳಲಿಲ್ಲ. ತೋಟದ ಅಂಚಿನಲ್ಲಿ ಗುಂಡಿ ತೆಗೆದುಕೊಟ್ಟವನು ಕೊನೆಗೌಡನೇ. ಮಣ್ಣು ಎಳೆದು, ಕೈ ಒರೆಸಿಕೊಳ್ಳುತ್ತ, 'ಇದಕ್ಕೆ ಹೆಸರೇನಿಟ್ಟಿದ್ರಿ?' ಅಂತ ಕೇಳಿದ.

'ಏನೂ ಇಟ್ಟಿರಲಿಲ್ಲ' ಅಂದೆ.

ಇಲ್ಲೂ ಬರೆದಿಲ್ಲ ನೋಡಿ. ಎರಡನೇ ಮದ್ದು ಇನ್ನೂ ಹೊಡೆದಾಗಿಲ್ಲ.