ಎತ್ತಿಗೆ ಜ್ವರ, ಬರೆ ಮಾತ್ರ ನನ್ನ ರೌಟರಿಗೆ

ಇಂಟರ್ನೆಟ್ ಕಂಪನಿ ಕೊಟ್ಟ ಬಿಳಿ ಡಬ್ಬಿ ಬಿಟ್ಟು ಬೇರೆ ಏನನ್ನಾದ್ರೂ ಮನೇಲಿ ರೌಟರ್ ಅಂತ ಇಟ್ಕೊಂಡಿದ್ದೀರಾ? ಹಾಗಿದ್ರೆ ಮುಗೀತು. ಇನ್ಮೇಲೆ ಏನೇ ಆದ್ರೂ ತಪ್ಪು ನಿಮ್ಮದೇ. ಬೀದೀಲಿ ಜೆಸಿಬಿ ಕೇಬಲ್ ಕಿತ್ತು ಹಾಕಿದ್ರೂ ನಿಮ್ಮದೇ. ಕಸ್ಟಮರ್ ಕೇರ್‌ನವರ ಹತ್ರ ಮಾತಾಡ್ತಾ 'ಓಪನ್‌ಡಬ್ಲ್ಯುಆರ್‌ಟಿ' (ರೌಟರ್‌ಗೆ ನಾವೇ ಹಾಕ್ಕೊಳ್ಳೋ ಲಿನಕ್ಸ್ ಸಾಫ್ಟ್‌ವೇರ್) ಅಂತ ಬಾಯಿ ತಪ್ಪಿ ಹೇಳಿದ್ರೆ ಸಾಕು, ಆ ಕಡೆಯವರಿಗೆ ಹೋದ ಜೀವ ಬಂದಂಗಾಗುತ್ತೆ. "ಓ, ಥರ್ಡ್ ಪಾರ್ಟಿ ಡಿವೈಸಾ ಸರ್? ಅದಕ್ಕೇ ಪ್ರಾಬ್ಲಮ್."

ನನ್ನ ಪ್ರಾಬ್ಲಮ್ ಏನು ಅಂತ ಕೇಳೋ ವ್ಯವಧಾನ ಯಾರಿಗೂ ಇಲ್ಲ, ಇಲ್ಲೇ ಹೇಳ್ಕೋತೀನಿ. ಬೆಳಗ್ಗೆಯಿಂದ ಸಂಜೆವರೆಗೆ ಪಿಂಗ್, ಅಂದ್ರೆ ಸಂದೇಶ ಹೋಗಿ ಉತ್ತರ ವಾಪಸ್ ಬರೋ ಹೊತ್ತು, 6 ಮಿಲಿಸೆಕೆಂಡು, ಎಳೆದು ಕಟ್ಟಿದ ದಾರದ ಥರ ನೆಟ್ಟಗೆ. ರಾತ್ರಿ ಎಂಟಾದ್ಮೇಲೆ 180, 240, ಇದ್ದಕ್ಕಿದ್ದಂಗೆ 9, ಮತ್ತೆ 310. ಅಮೆರಿಕದ ಟೀಮಿನ ಜೊತೆ ನನ್ನ ಮೀಟಿಂಗ್‌ಗಳೆಲ್ಲ ಆ ಹೊತ್ತಿಗೇ ಇರೋದು. ನಾನು ಮಾತು ಮುಗಿಸಿ ಸುಮ್ಮನಾದ್ಮೇಲೆ ಅವರಿಗೆ ನನ್ನ ಮಾತು ಕೇಳಿಸುತ್ತೆ. ಅಷ್ಟರಲ್ಲಿ ಅವರೂ ಶುರು ಮಾಡಿರ್ತಾರೆ, ಇಬ್ಬರೂ ಒಟ್ಟಿಗೆ ಸಾರಿ ಅಂತೀವಿ. ಸರ್ವರ್‌ಗೆ ಲಾಗಿನ್ ಆಗಿ ಟೈಪ್ ಮಾಡಿದ್ರೆ ಅಕ್ಷರ ಒಂದೊಂದಾಗಿ ಯೋಚನೆ ಮಾಡ್ಕೊಂಡು ಬರುತ್ತೆ.

"ಸ್ಪೀಡ್ ಬರ್ತಿದೆಯಲ್ಲ ಸರ್?" ಬರ್ತಿದೆ ಮಾರಾಯ, ಬರ್ತಿದೆ! ನಾನು ಸ್ಪೀಡಿನ ಬಗ್ಗೆ ಒಂದೇ ಒಂದು ಮಾತು ಆಡಿಲ್ಲ. ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತೆ ಅನ್ನೋದು ಒಂದು ಲೆಕ್ಕ, ಒಂದು ಪ್ಯಾಕೆಟ್, ಅಂದ್ರೆ ಡೇಟಾದ ಒಂದು ತುಣುಕು, ಹೋಗಿ ಬರೋಕೆ ಎಷ್ಟು ಹೊತ್ತು ಅನ್ನೋದು ಇನ್ನೊಂದು. ಅಮ್ಮನದೂ ಇದೇ ರಾಗ: "ಪಕ್ಕದ್ಮನೆಯವರಿಗೆ ಚೆನ್ನಾಗೇ ಬರುತ್ತಂತಲ್ಲೋ." ಅಮ್ಮ, ಅವರು ನೋಡೋದು ಸಿನಿಮಾ. ಸಿನಿಮಾ ಮುಂದಿನ ಅರ್ಧ ನಿಮಿಷದ್ದನ್ನ ಮೊದಲೇ ತಂದಿಟ್ಕೊಂಡಿರುತ್ತೆ, 300 ಮಿಲಿಸೆಕೆಂಡು ತಡ ಆದ್ರೆ ಅದಕ್ಕೆ ಗೊತ್ತೂ ಆಗಲ್ಲ. ಮಾತನ್ನ ಹಾಗೆ ಮೊದಲೇ ತಂದಿಡೋಕಾಗುತ್ತಾ?

ಸಾಫ್ಟ್‌ವೇರ್ ರೌಟರ್ ಮೇಲೆ ಅನುಮಾನ ಬರೋದು ನ್ಯಾಯವೇ, ಇಲ್ಲ ಅನ್ನಲ್ಲ. ಮಾಮೂಲಿ ಪ್ರೊಸೆಸರ್, ಅದರ ಮೇಲೆ ಲಿನಕ್ಸ್, ಪ್ರತಿ ಪ್ಯಾಕೆಟ್ಟೂ ಅದರ ತಿರುಳಾದ ಕರ್ನಲ್ ಒಳಗೆ ಹಾದು ಹೋಗಬೇಕು. ಹಾಗಾಗಿ ಮೊದಲು ನನ್ನ ಡಬ್ಬಿಯನ್ನೇ ಬಿಚ್ಚಿ ನೋಡಿದ್ದು. ಎನ್100 ಪ್ರೊಸೆಸರ್‌ನ ಪುಟಾಣಿ ಪೆಟ್ಟಿಗೆ, ಇಂಟೆಲ್ ಐ226 ನೆಟ್‌ವರ್ಕ್ ಪೋರ್ಟ್‌ಗಳು. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋ) ಕನೆಕ್ಷನ್ ಆದ್ರೆ ಬಹಳಷ್ಟು ನೆಟ್‌ವರ್ಕ್ ಕಾರ್ಡುಗಳಿಗೆ ಒಳಗಿನ ಐಪಿ ವಿಳಾಸ ಕಾಣಲ್ಲ, ಬಂದದ್ದನ್ನೆಲ್ಲ ಒಂದೇ ಕ್ಯೂಗೆ, ಅಂದ್ರೆ ಪ್ರೊಸೆಸರ್‌ನ ಒಂದೇ ಕೋರ್ ತಲೆಗೆ ಕಟ್ಟುತ್ತೆ. ಯಾವ ಕೋರ್‌ಗೆ ಎಷ್ಟು ಸಲ ಕರೆ ಹೋಯ್ತು ಅನ್ನೋ ಇಂಟರಪ್ಟ್ ಪಟ್ಟಿ ತೆಗೆದು ನೋಡಿದೆ: ಹೌದು, ಒಂದೇ ಕೋರ್. ಆದ್ರೆ ನನ್ನ ಪ್ಲಾನಿನ 100 ಎಂಬಿಪಿಎಸ್‌ಗೆ ಆ ಕೋರ್ ಆಕಳಿಸ್ತಾ ಕೂತಿತ್ತು. ಕರೆಂಟ್ ಉಳಿಸೋಕೆ ಪೋರ್ಟ್ ನಿದ್ದೆ ಹೋಗೋ ಇಇಇ ಆಫ್ ಮಾಡಿದೆ. ಪ್ರೊಸೆಸರ್ ನಿದ್ದೆಗೆ ಜಾರೋ ಸಿ-ಸ್ಟೇಟ್, ಇಂಟರಪ್ಟ್ ಒಟ್ಟುಗೂಡಿಸೋ ಸೆಟ್ಟಿಂಗು, ಒಂದೂ ಬಿಡಲಿಲ್ಲ. ಸುಮ್ಮನೆ ಶಾಸ್ತ್ರಕ್ಕೆ ಅಷ್ಟೇ, ಯಾಕಂದ್ರೆ ಕೊನೆಯ ಈ ಎರಡೂ ಸೆಟ್ಟಿಂಗು ಬರೀ ಮೈಕ್ರೋಸೆಕೆಂಡುಗಳ ವ್ಯವಹಾರ. ಸಾವಿರ ಮೈಕ್ರೋ ಸೇರಿದ್ರೆ ಒಂದು ಮಿಲಿ. ನನಗೆ ಬೇಕಾಗಿರೋ ಕಳ್ಳ 200 ಮಿಲಿಯವನು.

ಆಮೇಲೆ ಎಸ್‌ಕ್ಯುಎಂ, ಅಂದ್ರೆ ಲೈನಿಗಿಂತ ಸ್ವಲ್ಪ ಕಮ್ಮಿ ಸ್ಪೀಡ್ ಲಿಮಿಟ್ ಹಾಕಿ ಕ್ಯೂನ ರೌಟರ್ರೇ ನೋಡ್ಕೊಳ್ಳೋ ವ್ಯವಸ್ಥೆ. ಕ್ಯೂ ಉದ್ದ ಆಗಿ ಪ್ಯಾಕೆಟ್ ತಡವಾಗೋ ಬಫರ್‌ಬ್ಲೋಟ್ ಅನ್ನೋ ರೋಗಕ್ಕೆ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲೇ ಕೋಡೆಲ್ ಅನ್ನೋ ಮದ್ದು ಕೊಟ್ಟರು: ಕ್ಯೂನಲ್ಲಿ ಪ್ಯಾಕೆಟ್ 5 ಮಿಲಿಸೆಕೆಂಡಿಗಿಂತ ಜಾಸ್ತಿ ಹೊತ್ತು ಕೊಳೀತಾನೇ ಇದ್ರೆ ಕೆಲವನ್ನ ಬೀಳಿಸು, ಕಳಿಸೋನು ತಾನಾಗೇ ನಿಧಾನ ಆಗ್ತಾನೆ. ಅದರ ಮುಂದುವರಿಕೆಯಾದ ಕೇಕ್ 2018ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ, ಬಿಟ್ಟಿ. ಹಾಕಿದೆ. ಹಗಲು ಹೊತ್ತು ಮಗಳು ಫೋನಿಂದ ಇಡೀ ಗ್ಯಾಲರಿ ಅಪ್‌ಲೋಡ್ ಮಾಡಿದ್ರೂ ಪಿಂಗ್ 10 ದಾಟಲ್ಲ. ರಾತ್ರಿ? ಅದೇ 240. "ಲಿಮಿಟ್ ಇನ್ನೂ ಇಳಿಸಿ" ಅಂತಾರೆ ಇಂಟರ್ನೆಟ್‌ನ ಮಹಾಜ್ಞಾನಿಗಳು. 90ರಿಂದ 70, 70ರಿಂದ 40. ದುಡ್ಡು ಕೊಟ್ಟ 100ರಲ್ಲಿ 60 ನಾನೇ ಬಿಟ್ಟುಕೊಟ್ಟೆ, ಒಂದು ಮಿಲಿಸೆಕೆಂಡೂ ಕಮ್ಮಿ ಆಗಲಿಲ್ಲ. ಆಗೋದಾದ್ರೂ ಹೇಗೆ? ನನ್ನ ಮನೆಯ ಕ್ಯೂ ನಾನು ಸರಿ ಮಾಡಬಹುದು. ಇಡೀ ಏರಿಯಾದ ಟ್ರಾಫಿಕ್ಕು ಅವರ ಕಡೆ ಒಂದೇ ಕ್ಯೂನಲ್ಲಿ ನಿಂತಿದ್ರೆ ಅದಕ್ಕೆ ನನ್ನ ಕೇಕ್ ಏನು ಮಾಡುತ್ತೆ? (ಡಿಎನ್‌ಎಸ್ ಬದಲಾಯಿಸಿ ಅಂದವರ ಬಗ್ಗೆ ಇಲ್ಲಿ ಬರೆಯೋಲ್ಲ, ಬಿಪಿ ಏರುತ್ತೆ.)

ಸಾಕ್ಷಿ ಬೇಕಾ? ರಾತ್ರಿ ಎಂಟೂವರೆ, ವೈಫೈ ಆಫ್, ಮನೆಯ ಕೇಬಲ್ಲೆಲ್ಲ ಕಿತ್ತಿಟ್ಟು ರೌಟರಿಂದಲೇ ಪಿಂಗ್ ಮಾಡಿದೆ. ಹೋಗಿ ಬರೋ ಪ್ಯಾಕೆಟ್‌ಗಳನ್ನ ಸಮಯದ ಜೊತೆ ತೋರಿಸೋ ಟಿಸಿಪಿಡಂಪ್‌ನಲ್ಲಿ ಕಣ್ಣಿಗೆ ಹೊಡೆಯೋ ಹಾಗಿದೆ: ಪ್ಯಾಕೆಟ್ ನನ್ನ ಪೋರ್ಟ್ ಬಿಟ್ಟಿದ್ದು ಈ ಕ್ಷಣ, ಉತ್ತರ ಅದೇ ಪೋರ್ಟಿಗೆ ವಾಪಸ್ ಬಂದಿದ್ದು 200 ಮಿಲಿಸೆಕೆಂಡ್ ಆದ್ಮೇಲೆ. ಎಂಟಿಆರ್‌ನಲ್ಲಿ (ಮಸಾಲೆದೋಸೆಯದಲ್ಲ, ದಾರಿಯ ಪ್ರತಿ ಹಾಪ್‌ಗೆ, ಅಂದ್ರೆ ನಿಲ್ದಾಣಕ್ಕೆ, ಎಷ್ಟು ತಡ ಅಂತ ತೋರಿಸೋ ಟೂಲ್) ಕಂಪನಿಯವರ ಮೊದಲ ಹಾಪ್‌ನಲ್ಲೇ ತಡ ಶುರು. ಅದಕ್ಕೂ ಒಂದು ಉತ್ತರ ರೆಡಿ ಇಟ್ಕೊಂಡಿದ್ದಾರೆ: "ಆ ಡಿವೈಸು ಪಿಂಗ್‌ಗೆ ನಿಧಾನವಾಗಿ ಉತ್ತರ ಕೊಡುತ್ತೆ ಸರ್." ಇರಬಹುದು ಸ್ವಾಮಿ, ಅಂಥ ಡಿವೈಸುಗಳೂ ಇವೆ. ಆದ್ರೆ ಅದರ ಮುಂದಿನ ಹಾಪ್‌ಗಳಲ್ಲೂ, ಕೊನೆಯ ಸರ್ವರ್‌ವರೆಗೂ ಅದೇ 200 ಹಾಗೇ ಅಂಟ್ಕೊಂಡು ಬಂದ್ರೆ? ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತೆ. 200 ಮಿಲಿಸೆಕೆಂಡಿಗೆ 40,000 ಕಿಲೋಮೀಟರ್, ಭೂಮಿಗೆ ಒಂದು ಪ್ರದಕ್ಷಿಣೆ. ನನ್ನ ಪ್ಯಾಕೆಟ್ ಅಷ್ಟು ಹೊತ್ತಲ್ಲಿ ಕುವೆಂಪುನಗರ ದಾಟಿ ಬಂದಿಲ್ಲ.

ಟೆಕ್ನಿಷಿಯನ್ ಬಂದ. ಯಾವಾಗ? ಬೆಳಗ್ಗೆ ಹನ್ನೊಂದಕ್ಕೆ. ಫೈಬರ್ ತುದಿ ಬಿಚ್ಚಿ, ಹಳದಿ ಪವರ್ ಮೀಟರಿಗೆ ಚುಚ್ಚಿ, "ಮೈನಸ್ 19, ಪವರ್ ಸೂಪರಾಗಿದೆ ಸರ್" ಅಂದ. ಫೋನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿ 96 ತೋರಿಸಿದ. ಆಮೇಲೆ ನನ್ನ ಡಬ್ಬಿ ಕಡೆ ನೋಡಿ "ಇದೇನ್ ಸರ್, ಸಿಸಿಟಿವಿದಾ?" ಅಂತ ಕೇಳಿ, ರೌಟರ್ ಅಂದ ತಕ್ಷಣ "ಇದನ್ನ ತೆಗೆದು ನಮ್ಮದು ಹಾಕಿ ಸರ್, ಸರಿ ಹೋಗುತ್ತೆ. ಟಿಕೆಟ್ ಮುಚ್ಚೋಕೆ ಒಂದು ಓಟಿಪಿ ಬಂದಿರುತ್ತೆ, ಹೇಳಿ" ಅಂದ. ಕೊಡಲಿಲ್ಲ. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಟಿಕೆಟ್ ಮುಚ್ಚದಿದ್ರೆ ಬೈಗುಳ ತಿನ್ನೋನು ಅವನೇ. ಹೆಲ್ಮೆಟ್ ಹಾಕ್ಕೋತಾ ಮೆಲ್ಲಗೆ "ಸಾಯಂಕಾಲ ಈ ಏರಿಯಾ ಲೋಡ್ ಜಾಸ್ತಿ ಸರ್" ಅಂದುಬಿಟ್ಟ. ಇಷ್ಟು ಹೇಳೋಕೆ ಕಂಪನಿಗೆ ಏನು ರೋಗ?

ಅವರದೇ ಬಿಳಿ ಡಬ್ಬಿನೂ ಹಾಕಿ ನೋಡಿದೆ, ಅದರಲ್ಲೂ ಎಂಟು ಗಂಟೆಗೆ 200. ಫೋಟೊ, ಗ್ರಾಫ್, ಲಾಗ್ ಎಲ್ಲ ಮೇಲ್ ಮಾಡಿದೆ. ಉತ್ತರ ಬಂತು: "ನಮ್ಮ ಕಡೆ ಎಲ್ಲಾ ಸರಿಯಿದೆ. ಉತ್ತಮ ಅನುಭವಕ್ಕಾಗಿ 200 ಎಂಬಿಪಿಎಸ್ ಪ್ಲಾನಿಗೆ ಅಪ್‌ಗ್ರೇಡ್ ಮಾಡಿ." ಅದೇ ಕ್ಯೂನಲ್ಲಿ ಡಬಲ್ ದುಡ್ಡು ಕೊಟ್ಟು ನಿಲ್ಲಬೇಕಂತೆ!

ನಾಳೆ ಮತ್ತೆ ಯಾರೋ ಬರ್ತಾರಂತೆ, ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ. ಬೇಡ. ರಾತ್ರಿ ಎಂಟೂವರೆಗೆ ಕಳಿಸಿ, ಊಟ ನಮ್ಮನೇಲೇ ಮಾಡಲಿ, ಒಂದು ಗಂಟೆ ಕೂತು ಆ ಪಿಂಗ್ ನೋಡಲಿ. ಓಟಿಪಿ ವಿಚಾರ ಆಮೇಲೆ ಮಾತಾಡೋಣ.